ಕಂಬದ ಹಿಂಬದಿ

ಹಲ್ಲಿನ ಡಾಕ್ಟರ ಹೆಸರಿನ ಮೇಲೆ ಬಣ್ಣ ಬಳಿಯುವ ಕೆಲಸ ಸುತ್ತಿ ಬಳಸಿ ನನ್ನ ಪಾಲಿಗೇ ಬಂತು. ಊರಿನಲ್ಲಿ ಇನ್ನೊಬ್ಬ ಪೇಂಟರ್ ಇಲ್ಲವೆಂದಲ್ಲ. ಆದರೆ ಅವನು ಮುಚ್ಚಿದ ಅಕ್ಷರ ಎರಡು ತಿಂಗಳಿಗೆ ಮತ್ತೆ ಇಣುಕಿ ನೋಡುತ್ತದೆ. ನಾನು ಮುಚ್ಚಿದರೆ ಮುಚ್ಚಿದ ಹಾಗೆ. ಡಾಕ್ಟರ ಕ್ಲಿನಿಕ್ ಇದ್ದ ಮಳಿಗೆಗೆ ಈಗ ಕನ್ನಡಕದ ಅಂಗಡಿ ಬರುತ್ತದಂತೆ. ಅದರ ಮಾಲೀಕ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಅಲ್ಲೊಂದು ಹೆಸರು ಇತ್ತು ಅಂತಾನೇ ಗೊತ್ತಾಗಬಾರದು." ಬೇರೆ ದಿನವಾಗಿದ್ದರೆ ಎದೆಯುಬ್ಬಿಸಿ ನಗುತ್ತಿದ್ದೆ. ಇದ್ದದ್ದನ್ನು ಇಲ್ಲವೆನ್ನಿಸುವುದೇ ನನ್ನ ವಿದ್ಯೆ. ಆ ವಿದ್ಯೆಯಿಂದಲೇ ನಾನು ನನ್ನ ಒಡಹುಟ್ಟಿದ ಅಣ್ಣನನ್ನು ಕೊಂದಿದ್ದೇನೆ.

ಊರು ಹೇಳುವುದು ಬೇರೆ. ಊರಿನ ಲೆಕ್ಕದಲ್ಲಿ ಅಣ್ಣನನ್ನು ಕೊಂದವರು ಹಲ್ಲಿನ ಡಾಕ್ಟರು. ಅವರ ಹತ್ತಿರ ಎರಡು ಸೀಟಿನ ಸ್ವಂತ ವಿಮಾನವಿತ್ತು. ಊರಾಚೆಯ ಹುಲ್ಲು ಮೈದಾನದ ಪಕ್ಕದಲ್ಲಿ, ತಗಡಿನ ಶೆಡ್ಡಿನೊಳಗೆ ಇಟ್ಟಿರುತ್ತಿದ್ದರು. ಒಂಬತ್ತು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊಳೆಯ ಮೇಲೆ, ದಡದ ಮರಗಳ ನೆತ್ತಿಗಿಂತಲೂ ಕೆಳಗೆ ಹಾರಿಸಿಕೊಂಡು ಬಂದರು. ಹೊಳೆಗೆ ಅಡ್ಡವಾಗಿ ಎಳೆದಿದ್ದ ಕರೆಂಟ್ ತಂತಿಗೆ ವಿಮಾನ ಸಿಕ್ಕಿಕೊಂಡು ದಡಕ್ಕೆ ಅಪ್ಪಳಿಸಿತು. ಅಣ್ಣ ಅಲ್ಲೇ ಹೋದ. ಡಾಕ್ಟರು ಉಳಿದರು, ಆದರೆ ಬಲಗೈ ಇದ್ದೂ ಇಲ್ಲದ ಹಾಗಾಯಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗಿನಿಂದ ಅವರದು ಒಂದೇ ಮಾತು. "ಕಂಬ ಇರಲಿಲ್ಲ. ನಾನು ಕಂಬಕ್ಕೋಸ್ಕರ ನೋಡ್ತಾನೇ ಇದ್ದೆ. ಎರಡು ದಡದಲ್ಲೂ ಇರಲಿಲ್ಲ."

ಹತ್ತಾಳೆತ್ತರದ ಎರಡು ಉಕ್ಕಿನ ಕಂಬ ಇರಲಿಲ್ಲವಂತೆ! ಊರು ಬಾಯಿಗೆ ಬಂದ ಹಾಗೆ ಬೈಯಿತು. ತನಿಖೆಗೆ ಬಂದ ಅಧಿಕಾರಿ ತಲೆಯಾಡಿಸಿ ಬರೆದುಕೊಂಡು ಹೋದ. ವಿಚಾರಣೆ ಈಗ ಕೊನೆಗೆ ಬಂದು ನಿಂತಿದೆ. ಸೋಮವಾರ ಅತ್ತಿಗೆ ಕೋರ್ಟಿನಲ್ಲಿ ತಮ್ಮ ಮಾತು ಹೇಳಬೇಕು, ಆಮೇಲೆ ತೀರ್ಪು. ಬೇಕೆಂದೇ ಕೆಳಗೆ ಹಾರಿಸಿದ್ದಲ್ಲದೆ ಕಂಬದ ವಿಷಯದಲ್ಲಿ ಸುಳ್ಳನ್ನೂ ಹೇಳಿದ ಮನುಷ್ಯ ಅಂತಾದರೆ ಡಾಕ್ಟರಿಗೆ ಜೈಲು ಖಂಡಿತ ಎಂದು ವಕೀಲರು ಹೇಳಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ ಎಂದು ಖಚಿತವಾಗಿ ಗೊತ್ತಿರುವವನು ಈ ಊರಿನಲ್ಲಿ ನಾನೊಬ್ಬನೇ. ಶುಕ್ರವಾರ ಬೆಳಿಗ್ಗೆ ನಾನು ಏಣಿ ಹತ್ತಿ ಅವರ ಹೆಸರಿಗೆ ಸಾಣೆ ಕಾಗದ ಉಜ್ಜುತ್ತಿದ್ದೆ.

ಮೊದಲಿನಿಂದ ಹೇಳುತ್ತೇನೆ.

ಅಣ್ಣನದು ಮುಖ್ಯರಸ್ತೆಯ ತಿರುವಿನಲ್ಲಿ ಕಟಿಂಗ್ ಅಂಗಡಿ. ಎರಡು ಕುರ್ಚಿ, ಉದ್ದದ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಅವನಿಗೆ ಊರಿಟ್ಟ ಹೆಸರು ರೇಡಿಯೋ. ಬೆಳಿಗ್ಗೆ ಬಾಗಿಲು ತೆಗೆದಾಗ ಶುರುವಾದ ಬಾಯಿ ಸಂಜೆ ಬಾಗಿಲು ಹಾಕುವಾಗಲೇ ಬಂದ್ ಆಗುತ್ತಿದ್ದದ್ದು. ಯಾವ ದೊಡ್ಡ ಮನುಷ್ಯ ಬಂದು ಕುರ್ಚಿಯಲ್ಲಿ ಕೂತರೂ ಅವನ ನೆತ್ತಿಯ ಮೇಲೆ ಬೆರಳಿಟ್ಟು, "ತಲೆ ಬಗ್ಗಿಸು" ಎನ್ನುತ್ತಿದ್ದ. ಆಮೇಲೆ ಕನ್ನಡಿಯಲ್ಲಿ ನನ್ನ ಕಡೆ ಕಣ್ಣು ಮಿಟುಕಿಸಿ, "ನೋಡೋ, ನನ್ನ ಮುಂದೆ ತಲೆ ಬಗ್ಗಿಸದವನು ಈ ಊರಲ್ಲಿ ಇದ್ದಾನಾ?" ಎನ್ನುತ್ತಿದ್ದ. ಸಾವಿರ ಸಲ ಕೇಳಿದ ಜೋಕು. ಸಾವಿರ ಸಲವೂ ಅವನೇ ಮೊದಲು ನಗುತ್ತಿದ್ದ.

ನಾನು ಅವನ ಹಾಗಲ್ಲ. ಸಿಡುಕ. ಬೋರ್ಡು ಬರೆಯುವ ಕೈ ನನ್ನದು. ಒಂದು ಕಾಲದಲ್ಲಿ ಈ ಊರಿನ ಅರ್ಧ ಅಂಗಡಿಗಳ ಹೆಸರು ನನ್ನ ಅಕ್ಷರದಲ್ಲಿತ್ತು. ಆಮೇಲೆ ಯಂತ್ರದಲ್ಲಿ ಮುದ್ರಿಸಿದ ಪ್ಲಾಸ್ಟಿಕ್ ಹಾಳೆಗಳು ಬಂದವು, ಅಕ್ಷರ ಕೇಳುವವರು ಹೋದರು. ಗೋಡೆ, ಗೇಟು, ನೀರಿನ ಟ್ಯಾಂಕು ಅಂತ ಬಳಿಯುತ್ತ ತಿರುಗಿದೆ. ಕೈಯಲ್ಲಿ ಕಲೆ ಇದ್ದು ಗೇಟು ಬಳಿಯಬೇಕಾದವನ ಸಿಟ್ಟು ಹೇಗಿರುತ್ತದೆಂದು ಬಳಿದವನಿಗೇ ಗೊತ್ತು. ಕೆಲಸವಿಲ್ಲದ ದಿನ ಅಣ್ಣನ ಅಂಗಡಿಯ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತಿರುತ್ತಿದ್ದೆ.

ಹಾಗೆ ಕೂತಿದ್ದಾಗಲೇ ಆ ಮಾತು ನನ್ನ ಕಿವಿಗೆ ಬಿದ್ದದ್ದು. ಹಲ್ಲಿನ ಡಾಕ್ಟರು ಮುಖಕ್ಕೆ ಸೋಪಿನ ನೊರೆ ಬಳಿಸಿಕೊಂಡು ಕೂತಿದ್ದರು. ಇಡೀ ದಿನ ಬೇರೆಯವರ ಬಾಯಿ ತೆರೆಸುವ ಮನುಷ್ಯ ಅಣ್ಣನ ಕುರ್ಚಿಗೆ ಬಂದರೆ ತಮ್ಮ ಬಾಯಿ ತೆರೆಯುತ್ತಿದ್ದರು, ಅದೂ ವಿಮಾನದ ವಿಷಯಕ್ಕೆ ಮಾತ್ರ.

"ಕೆಳಗೆ ಹಾರಿಸೋವಾಗ ಭಯ ಆಗಲ್ವಾ ಡಾಕ್ಟ್ರೇ?" ಎಂದು ಅಣ್ಣ ಕೇಳಿದ.

"ಮೇಲೆ ಹೋದ್ರೆ ಭಯ ಇಲ್ಲ ರೇಡಿಯೋ. ಏನಾದ್ರೂ ಕೆಟ್ರೆ ಯೋಚನೆ ಮಾಡೋಕೆ ಟೈಮ್ ಇರುತ್ತೆ. ಕೆಳಗೆ ಅದೇ ಇರೋದಿಲ್ಲ. ಅದಕ್ಕೂ ದೊಡ್ಡ ಭಯ ತಂತಿ."

"ತಂತಿ ಕಾಣಲ್ವಾ?"

"ಯಾರಿಗೂ ಕಾಣಲ್ಲ. ಕಂಡಾಗ ತಡ ಆಗಿರುತ್ತೆ. ಅದಕ್ಕೇ ನಾವು ತಂತಿ ಹುಡುಕೋದೇ ಇಲ್ಲ. ಕಂಬ ಹುಡುಕ್ತೀವಿ. ಕಂಬ ಕಂಡ್ರೆ ನಡುವೆ ತಂತಿ ಇದೆ ಅಂತ ತಿಳ್ಕೊಂಡು ಮೇಲಕ್ಕೆ ಎತ್ತಿಬಿಡೋದು."

"ಅಲ್ಲಿಗೆ ಕಂಬಾನೇ ನಿಮ್ಮ ಕಣ್ಣು," ಎಂದ ಅಣ್ಣ, ಅವರ ಗಲ್ಲ ಎತ್ತಿ ಕತ್ತಿ ಆಡಿಸುತ್ತ. "ಒಂದ್ಸಲ ನನ್ನನ್ನೂ ಕರ್ಕೊಂಡು ಹೋಗಿ. ಇಡೀ ಊರಿನ ತಲೆ ಮೇಲಿಂದ ನೋಡಿದ್ದೀನಿ. ಊರನ್ನೇ ಮೇಲಿಂದ ನೋಡಿಲ್ಲ."

ನಾನು ಪೇಪರಿನ ಹಾಳೆ ಮಗುಚಿದೆ. ಮಾತು ಮಾತ್ರ ಹೋಗಲಿಲ್ಲ, ತಲೆಯ ಒಂದು ಮೂಲೆಯಲ್ಲಿ ಕೂತಿತು. ಕೇಳಿಸಿಕೊಂಡಿರಲಿಲ್ಲ ಎಂದು ಹೇಳುವ ದಾರಿಯೂ ನನಗಿಲ್ಲ.

ಇದಾದ ಮೂರು ತಿಂಗಳಿಗೆ ಹೊಳೆಯ ತಿರುವಿನಲ್ಲಿರುವ ಅತಿಥಿಗೃಹದ ಒಡತಿ ನನ್ನನ್ನು ಕರೆಸಿದಳು. ಹೊಸದಾಗಿ ಕಟ್ಟಿಸಿದ್ದು. ನೀರಿಗೆ ಮುಖ ಮಾಡಿದ ಉದ್ದದ ಜಗಲಿ, ಅಲ್ಲಿ ಬೆತ್ತದ ಕುರ್ಚಿಗಳು. ಆಕೆ ಬೆರಳು ಚಾಚಿ ತೋರಿಸಿದಳು. ಹೊಳೆಯ ಎರಡು ದಡದಲ್ಲೂ, ಮರಗಳ ನಡುವೆ, ಬೂದು ಬಣ್ಣದ ಉಕ್ಕಿನ ಕಂಬ. ಒಂದು ಈಚೆಗೆ, ಒಂದು ಆಚೆಗೆ. ನಡುವೆ ತಂತಿ.

"ಬಂದವರೆಲ್ಲಾ ಇಲ್ಲಿ ನಿಂತು ಫೋಟೋ ತೆಗೀತಾರೆ, ಆಮೇಲೆ ಆ ಕಂಬ ನೋಡಿ ಮುಖ ಸಿಂಡರಿಸ್ತಾರೆ. ಅದನ್ನ ಮರದ ಜೊತೆ ಸೇರಿಸಿಬಿಡೋಕೆ ಆಗುತ್ತಾ? ಇಲ್ಲಿಂದ ನೋಡಿದ್ರೆ ಕಾಣಬಾರದು, ಅಷ್ಟೇ."

ನನ್ನ ಎದೆ ಎಂದೂ ಇಲ್ಲದಷ್ಟು ಹಗುರಾಯಿತು. ಎಷ್ಟೋ ವರ್ಷಗಳ ಮೇಲೆ ಯಾರೋ ಒಬ್ಬರು ಗೇಟು ಬಿಟ್ಟು ಬೇರೇನನ್ನೋ ಕೇಳಿದ್ದರು. ಒಡತಿ ಕರೆಂಟ್ ಕಚೇರಿಯಲ್ಲಿ ಯಾರನ್ನೋ ಹಿಡಿದು ಬಾಯಿಮಾತಿನ ಒಪ್ಪಿಗೆ ಪಡೆದಿದ್ದಳು. ದಿನಕ್ಕೆ ಇಷ್ಟು ಗಂಟೆ ಲೈನ್ ಆರಿಸಿ ಕೊಡುತ್ತೇವೆ, ಕಾಗದಪತ್ರ ಕೇಳಬೇಡಿ ಅಂದರಂತೆ. ನನಗೂ ಹೇಳಿದಳು, "ಊರಲ್ಲಿ ಡಂಗುರ ಹೊಡೀಬೇಡಿ."

ಹನ್ನೆರಡು ದಿನ ಕೆಲಸ ಮಾಡಿದೆ. ಸತುವಿನ ಲೇಪದ ಉಕ್ಕು ಬಣ್ಣವನ್ನು ಸುಲಭವಾಗಿ ಹಿಡಿಯುವುದಿಲ್ಲ. ಉಜ್ಜಿ, ತೊಳೆದು, ಅದಕ್ಕೆಂದೇ ಇರುವ ಪ್ರೈಮರ್ ಹೊಡೆದೆ. ಹೊಳಪಿನ ಬಣ್ಣ ಮುಟ್ಟಲಿಲ್ಲ, ಹೊಳಪೇ ಮೊದಲು ಕಣ್ಣಿಗೆ ಬೀಳುವುದು. ನಾಲ್ಕು ಬಗೆಯ ಹಸಿರು, ಒಣಗಿದ ಎಲೆಗೆ ಕಾವಿ, ನೆರಳಿಗೆ ಕಂದು. ಬ್ರಶ್ ಎಳೆದರೆ ಗೆರೆ ಬರುತ್ತದೆಂದು ಹರಿದ ಸ್ಪಂಜಿನಿಂದ ಒತ್ತೊತ್ತಿ ಹಚ್ಚಿದೆ. ದಿನಕ್ಕೆ ಇಪ್ಪತ್ತು ಸಲ ಇಳಿದು ಜಗಲಿಗೆ ಹೋಗಿ ನೋಡುತ್ತಿದ್ದೆ, ಮತ್ತೆ ಹತ್ತುತ್ತಿದ್ದೆ. ಎಂಟನೆಯ ದಿನ ಜಗಲಿಯಿಂದ ನೋಡಿದಾಗ ಕಂಬ ಹೋಗಿತ್ತು. ಎಲೆ ಇತ್ತು, ನೆರಳಿತ್ತು, ನೀರಿತ್ತು. ಒಡತಿ ಕೈ ಜೋಡಿಸಿ, "ನೀವು ಮಾಟಗಾರರು ಕಣ್ರೀ" ಎಂದಳು. "ಮುಗೀತಲ್ಲ?"

ಮುಗಿದಿತ್ತು. ಅಲ್ಲಿಗೆ ಡಬ್ಬ ಮುಚ್ಚಿ ಮನೆಗೆ ಹೋಗಿದ್ದರೆ ಇವತ್ತು ಈ ಕಥೆ ಇರುತ್ತಿರಲಿಲ್ಲ.

ಆ ದಿನವೇ ಅಣ್ಣ ನೋಡಲು ಬಂದ. ಅವನೊಬ್ಬನಿಗೆ ಮಾತ್ರ ಹೇಳಿದ್ದೆ. ಜಗಲಿಯಲ್ಲಿ ನಿಂತು ಕಣ್ಣು ಕಿರಿದು ಮಾಡಿ ಹುಡುಕಿದ, ಕೊನೆಗೆ ದಡಕ್ಕಿಳಿದು, ಕೈ ಚಾಚಿ ಕುರುಡನ ಹಾಗೆ ನಡೆದು ಕಂಬವನ್ನು ಮುಟ್ಟಿದ. "ಅಯ್ಯೋ, ಇಲ್ಲೇ ಇದೆ ಕಣೋ!" ಎಂದು ಮಗುವಿನ ಹಾಗೆ ಕುಣಿದ. ನನ್ನ ಬೆನ್ನಿಗೆ ಬಾರಿಸಿದ. ನನಗಿಂತ ಅವನಿಗೇ ಹೆಚ್ಚು ಹೆಮ್ಮೆ. ಆಮೇಲೆ ಕಂಬವನ್ನು ಸುತ್ತು ಹಾಕಿ ಆಚೆ ಕಡೆಗೆ ಹೋಗಿ, "ಈ ಕಡೆ ಹಾಗೇ ಬೋಳಾಗಿದೆಯಲ್ಲೋ" ಎಂದ.

ಆಚೆ ಕಡೆ ಅಂದರೆ ಹೊಳೆ ಹರಿದು ಬರುವ ದಿಕ್ಕು. ಆ ಬದಿಯನ್ನು ಬಳಿಯಲು ಒಡತಿ ಹೇಳಿರಲಿಲ್ಲ. ಅಲ್ಲಿಂದ ನೋಡುವವರು ಯಾರೂ ಇಲ್ಲ, ಮೀನು ಬಿಟ್ಟರೆ. ಆದರೆ ಮುಂದೆ ಹಸಿರು ಹಿಂದೆ ಬೂದು ಇರುವ ಕಂಬ ನನ್ನ ಕಣ್ಣಿಗೆ ಚುಚ್ಚಿತು. ಅಷ್ಟೇ ಆಗಿದ್ದರೂ ಕ್ಷಮೆ ಇತ್ತೇನೋ. ಆ ಹೊತ್ತಿಗೆ ನನಗೆ ಅಂಗಡಿಯಲ್ಲಿ ಕೇಳಿದ ಮಾತು ನೆನಪಾಯಿತು, ಒಂದು ಕೆಟ್ಟ ತಮಾಷೆ ಬಾಯಿಗೆ ಬಂತು.

"ಈ ಕಡೇನೂ ಬಳೀತೀನಿ ಇರು. ಆಮೇಲೆ ನಿನ್ನ ಹಲ್ಲಿನ ಡಾಕ್ಟರು ಆಕಾಶದಿಂದ ಹುಡುಕಿದ್ರೂ ಈ ಕಂಬ ಸಿಗಲ್ಲ."

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ನಾಲ್ಕು ದಿನ ಹಿಂಬದಿ ಬಳಿದೆ, ಎರಡೂ ಕಂಬಕ್ಕೆ. ಮುಂಬದಿಗಿಂತ ಚೆನ್ನಾಗಿ ಬಳಿದೆ. ಮೇಲಿನಿಂದ ನೋಡುವವನಿಗೆ ತುದಿಯ ಹಿಂದೆ ಆಕಾಶ ಇರುವುದಿಲ್ಲ, ಮರದ ನೆತ್ತಿ ಇರುತ್ತದೆ ಎಂದು ಯೋಚಿಸಿ ತುದಿಯನ್ನೂ ಎಲೆಯ ಬಣ್ಣಕ್ಕೆ ತಂದೆ. ಅಷ್ಟು ಯೋಚಿಸಿದ ತಲೆಗೆ, ಅಲ್ಲಿಂದ ನೋಡುವವನು ಯಾಕೆ ನೋಡುತ್ತಾನೆ ಎಂಬ ಯೋಚನೆ ಬರಲೇ ಇಲ್ಲ. ಯಾರೂ ಕೇಳದ ಕೆಲಸವನ್ನು ನನ್ನ ಕೊಬ್ಬಿಗೆ ಮಾಡಿದೆ.

ಎರಡು ವಾರ ಕಳೆದು ಭಾನುವಾರ ಬೆಳಿಗ್ಗೆ ವಿಮಾನ ಬಂದದ್ದು ಆ ಹಿಂಬದಿಯಿಂದಲೇ.

ತಂತಿ ಎಳೆದ ರಭಸಕ್ಕೆ ಎರಡೂ ಕಂಬ ಬುಡದ ಹತ್ತಿರ ಮಡಚಿಕೊಂಡವು. ಆಚೆ ದಡದ ಆಸ್ಪತ್ರೆಗೆ ಕರೆಂಟ್ ಹೋಗುತ್ತಿದ್ದದ್ದು ಆ ಲೈನಿನಿಂದಲೇ. ಲೈನಿನವರು ಮರುದಿನ ಬಂದು ಕಂಬಗಳನ್ನು ಕೊಯ್ದು, ಲಾರಿಗೆ ಹೇರಿ ಗುಜರಿಗೆ ಸಾಗಿಸಿದರು. ಹೊಸ ಕಂಬಕ್ಕೆ ಕೆಂಪು ಬಿಳಿ ಪಟ್ಟೆ, ತಂತಿಗೆ ಕಿತ್ತಳೆ ಬಣ್ಣದ ಗುಂಡುಗಳು ಬಂದವು. ತನಿಖೆಯ ಅಧಿಕಾರಿ ಬಂದದ್ದು ಅದಾದ ಮೇಲೆ. ಅವನ ಕೈಯಲ್ಲಿ ಕರೆಂಟ್ ಕಚೇರಿಯ ಹಳೆಯ ಫೋಟೋ ಇತ್ತು. ಅದರಲ್ಲಿ ಬೂದು ಕಂಬಗಳು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತಿದ್ದವು. ಬಾಯಿಮಾತಿನ ಒಪ್ಪಿಗೆ ಕೊಟ್ಟವರು ಬಾಯಿ ಬಿಡಲಿಲ್ಲ. ಒಡತಿ ನನ್ನನ್ನು ದೂರದಿಂದ ಕಂಡರೂ ರಸ್ತೆ ದಾಟತೊಡಗಿದಳು.

ಅಧಿಕಾರಿ ಅಣ್ಣನ ಮನೆಗೂ ಬಂದಿದ್ದ. ಅತ್ತಿಗೆ ಗೋಡೆಗೆ ಒರಗಿ ಕೂತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಫೋಟೋ ತೋರಿಸಿ, "ಇಷ್ಟು ಸ್ಪಷ್ಟ ಇರೋ ಕಂಬ ಕಾಣಲಿಲ್ಲ ಅಂತಾರೆ ನೋಡಿ" ಎಂದ. ಅತ್ತಿಗೆ ಫೋಟೋ ನೋಡಿ ನನ್ನ ಕೈಗೆ ಕೊಟ್ಟರು. ನಾನು ನೋಡಿದೆ. ಹಿಂದಕ್ಕೆ ಕೊಟ್ಟೆ. ನಾಲಿಗೆ ಹೊರಳಲಿಲ್ಲ ಅಂದರೆ ಅದೂ ಸುಳ್ಳೇ. ನಾನೇ ಹೊರಳಿಸಲಿಲ್ಲ. ಸುಳ್ಳು ಹೇಳುವುದಕ್ಕೆ ಬಾಯಿ ಬೇಕಾಗಿಲ್ಲ ಎಂದು ಆ ದಿನ ಕಲಿತೆ.

ಅತ್ತಿಗೆ ಮೂರು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ನಾಲ್ಕನೇ ತಿಂಗಳು ಅಣ್ಣನ ಅಂಗಡಿಯ ಬೀಗ ತೆಗೆದರು. "ಬೇರೆಯವರ ಕೈಗೆ ಕೊಡೋಕೆ ಮನಸ್ಸಿಲ್ಲ, ನಾನೇ ಕಲೀತೀನಿ" ಎಂದರು. ಕಲಿಯಲು ಒಂದು ತಲೆ ಬೇಕಿತ್ತು, ನಾನು ನನ್ನದು ಕೊಟ್ಟೆ. ಮೊದಲ ಸಲ ಇಲಿ ಕಡಿದ ಹಾಗಾಯಿತು, ಒಂದು ತಿಂಗಳು ಟೋಪಿ ಹಾಕಿಕೊಂಡು ತಿರುಗಿದೆ. ಊರು ನಕ್ಕಿತು. ಅತ್ತಿಗೆಯೂ ಆವತ್ತೇ ಮೊದಲ ಸಲ ನಕ್ಕದ್ದು. ಆಮೇಲೆ ಕೈ ಕುದುರಿತು, ಗಿರಾಕಿ ಬಂದರು. ಬಂದವರಿಗೆಲ್ಲ, "ನನ್ನ ಮೈದುನ ತನ್ನ ತಲೆ ಕೊಟ್ಟು ನನ್ನನ್ನ ಬದುಕಿಸಿದ" ಎಂದು ಹೇಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಬೆಂಚು ಬಿಟ್ಟೆದ್ದು ಹೊರಗೆ ಹೋಗಿ ನಿಲ್ಲುತ್ತಿದ್ದೆ.

ಡಾಕ್ಟರು ಒಂದು ಸಲ ಆ ಅಂಗಡಿಯ ಬಾಗಿಲಿಗೆ ಬಂದಿದ್ದರು. ಕೈಗೆ ಪಟ್ಟಿ ಇನ್ನೂ ಇತ್ತು. ಕ್ಷಮೆ ಕೇಳಲು ಬಂದವರನ್ನು ಅತ್ತಿಗೆ ಬೀದಿಯಲ್ಲಿ ನಿಲ್ಲಿಸಿ, ಕೊಲೆಗಾರ ಎಂದರು, ಸುಳ್ಳುಬುರುಕ ಎಂದರು, ನಿನ್ನ ನಾಲಿಗೆ ಬಿದ್ದುಹೋಗಲಿ ಎಂದರು. ಸುತ್ತ ಜನ. ನಾನು ಅತ್ತಿಗೆಯ ಪಕ್ಕದಲ್ಲೇ ನಿಂತು ಅವರ ತೋಳು ಹಿಡಿದುಕೊಂಡಿದ್ದೆ, ಆಸರೆಗೆ ಎಂಬ ಹಾಗೆ. ಡಾಕ್ಟರು ಬಂದ ದಾರಿಯಲ್ಲೇ ಹಿಂತಿರುಗಿದರು. ಆಮೇಲೆ ಅವರ ಕ್ಲಿನಿಕ್ಕಿಗೆ ಯಾರೂ ಹಲ್ಲು ತೋರಿಸಲು ಹೋಗಲಿಲ್ಲ. ಹೋದರೂ ಆ ಕೈಯಲ್ಲಿ ಏನು ಮಾಡಲಾಗುತ್ತಿತ್ತು?

ಈಗ ಶುಕ್ರವಾರಕ್ಕೆ ಬರುತ್ತೇನೆ. ಸಾಣೆ ಕಾಗದ ಉಜ್ಜಿ ಮುಗಿಸಿ, ಮೊದಲ ಕೈ ಬಿಳಿ ಬಳಿಯುತ್ತಿದ್ದೆ. ಹೆಸರಿನ ಮೊದಲೆರಡು ಅಕ್ಷರ ಹೋಗಿತ್ತು. ಅಷ್ಟರಲ್ಲಿ ಕೆಳಗೆ ಬಾಗಿಲು ತೆರೆದ ಸದ್ದು. ಡಾಕ್ಟರು ಒಳಗಿನಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಎಡಗೈಯಲ್ಲಿ ಅವುಚಿಕೊಂಡು ಹೊರಗೆ ಬಂದರು. ಉಳಿದ ಸಾಮಾನು ಒಯ್ಯಲು ಬಂದಿದ್ದರು. ನನ್ನನ್ನು ನೋಡಿ ನಿಂತರು. ಮೊದಲಿಗಿಂತ ಅರ್ಧದಷ್ಟಾಗಿದ್ದರು.

"ನೀವಾ? ನಿಮ್ಮ ಕೈಯಲ್ಲೇ ಅಳಿಸಿಹೋಗೋದಾದ್ರೆ ಒಳ್ಳೇದೇ ಆಯ್ತು, ಪೇಂಟರೇ. ಬರೆದವರೂ ನೀವೇ ಅಲ್ವಾ."

ನಿಜ. ಹದಿನಾರು ವರ್ಷದ ಹಿಂದೆ ಆ ಬೋರ್ಡು ಬರೆದವನು ನಾನೇ. ಮರೆತಿದ್ದೆ. ನನ್ನ ಅಕ್ಷರವನ್ನು ನಾನೇ ಗುರುತು ಹಿಡಿದಿರಲಿಲ್ಲ.

"ಇಳಿದು ಬರ್ತೀರಾ? ಒಂದು ಮಾತಿದೆ," ಎಂದರು.

ಇಳಿದೆ. ಒಳಗೆ ಖಾಲಿ ಕೋಣೆ. ರೋಗಿಯ ಕುರ್ಚಿ ಇದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ತೂತು, ಗೋಡೆಯಲ್ಲಿ ಒಂದು ನೀರಿನ ಕೊಳಾಯಿ. ಅವರು ಪೆಟ್ಟಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

"ಸೋಮವಾರ ಏನಾಗುತ್ತೋ ಆಗಲಿ. ಅಷ್ಟು ಕೆಳಗೆ ನಾನು ಹೋಗಲೇಬಾರದಿತ್ತು, ಅದು ನನ್ನ ತಪ್ಪು. ಯಾರು ಎಷ್ಟೇ ಕೇಳಿದ್ರೂ ಇಲ್ಲ ಅನ್ನಬೇಕಿತ್ತು. ಆ ಲೈನ್ ನಕ್ಷೆಯಲ್ಲಿತ್ತು. ಆ ಕಡೆ ನಾನು ಹೋಗೋನೇ ಅಲ್ಲ ಅಂತ ನೋಡಿರಲಿಲ್ಲ. ಇದನ್ನೆಲ್ಲಾ ಒಪ್ಕೊಂಡಿದ್ದೀನಿ. ಒಂದು ಮಾತು ಮಾತ್ರ ಎಲ್ಲೂ ಹೇಳಿಲ್ಲ. ಸತ್ತವರ ಮೇಲೆ ಹೊರಿಸಿದ ಹಾಗಾಗುತ್ತೆ. ಕೋರ್ಟಲ್ಲೂ ಹೇಳಲ್ಲ. ನೀವು ತಮ್ಮ, ನಿಮಗೆ ಗೊತ್ತಿರಲಿ."

ನಾನು ಕೈಯಲ್ಲಿದ್ದ ಬಟ್ಟೆಯಿಂದ ಬೆರಳು ಒರೆಸುತ್ತಲೇ ಇದ್ದೆ.

"ಹೊಳೆ ತಿರುವಿನ ಕಡೆ ಹೋಗೋಣ ಅಂದದ್ದು ಅವನೇ. ನಾನು ಮೇಲೇ ಇದ್ದೆ. 'ಇನ್ನೂ ಕೆಳಗೆ ಹೋಗಿ ಡಾಕ್ಟ್ರೇ, ನಿಮಗೊಂದು ತಮಾಷೆ ತೋರಿಸ್ತೀನಿ' ಅಂದ. ಏನು ಅಂತ ಕೇಳಿದೆ. ಹೇಳಲಿಲ್ಲ, ನಗ್ತಾನೇ ಇದ್ದ. 'ನೀವು ಬರೀ ನೋಡ್ತಾ ಇರಿ, ನಾನು ಹೇಳಿದಾಗ ಮೇಲಕ್ಕೆ ಎತ್ತಿ' ಅಂದ. ಅಷ್ಟು ಖುಷಿಯಲ್ಲಿದ್ದ, ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ. ಕೆಳಗೆ ಹೋದೆ. ಅವನು ಗಾಜಿಗೆ ಮೂಗು ಒತ್ತಿ ದಡ ನೋಡ್ತಿದ್ದ. ಆಮೇಲೆ ನಗು ನಿಂತುಹೋಯ್ತು. ಎರಡು ಸಲ ಅಂದ, ನನಗೆ ಚೆನ್ನಾಗಿ ನೆನಪಿದೆ. 'ಇಲ್ಲೇ ಇತ್ತಲ್ಲಾ. ಇಲ್ಲೇ ಎಲ್ಲೋ ಇತ್ತಲ್ಲಾ.' ಅಷ್ಟೇ."

ಅವರ ಎಡಗೈ ಬಲಗೈಯನ್ನು ಹಿಡಿದುಕೊಂಡಿತ್ತು.

"ಒಂಬತ್ತು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೀನಿ. ಏನು ತೋರಿಸಬೇಕಿತ್ತು ಅವನಿಗೆ? ನಿಮಗೇನಾದ್ರೂ ಗೊತ್ತಾ?"

ನನಗೆ ಗೊತ್ತಿತ್ತು. ಅಣ್ಣನಿಗೆ ತೋರಿಸಬೇಕಾಗಿದ್ದದ್ದು ನನ್ನನ್ನು. ಗೇಟು ಬಳಿದು ಹಾಳಾಗುತ್ತಿದ್ದ ತಮ್ಮನ ಕೈಚಳಕವನ್ನು, ಅದನ್ನು ಮೆಚ್ಚಬಲ್ಲ ಒಬ್ಬನೇ ಒಬ್ಬ ಮನುಷ್ಯನಿಗೆ ಆಕಾಶದಿಂದ ತೋರಿಸಬೇಕಿತ್ತು. ಯಾವ ಮಾತೂ ಹೊಟ್ಟೆಯಲ್ಲಿ ನಿಲ್ಲದ ರೇಡಿಯೋ ಎರಡು ವಾರ ಆ ಗುಟ್ಟು ಕಾಪಾಡಿಕೊಂಡು ಬಂದಿದ್ದ. ಕಂಬ ಎಲ್ಲಿದೆಯೆಂದು ತನಗೆ ಗೊತ್ತು, ತೋರಿಸಿ ನಗಿಸಿ ಮೇಲಕ್ಕೆ ಎತ್ತಿಸಿದರಾಯಿತು ಎಂದುಕೊಂಡಿದ್ದ. ಗೊತ್ತಿದ್ದವನಿಗೂ ಸಿಗದ ಹಾಗೆ ನಾನು ಬಳಿದಿದ್ದೆ.

"ಗೊತ್ತಿಲ್ಲ ಡಾಕ್ಟ್ರೇ," ಎಂದೆ.

ಆ ಮಾತು ನನ್ನ ಬಾಯಿಂದ ಬಂತಲ್ಲ ಎಂದು ನನಗೇ ಅಸಹ್ಯವಾಯಿತು. ಇಷ್ಟು ದಿನ ಸುಮ್ಮನಿದ್ದೆ, ಈಗ ಬಾಯಿಬಿಟ್ಟೇ ಹೇಳಿದ್ದೆ. ಅವರು ನಿಧಾನವಾಗಿ ತಲೆಯಾಡಿಸಿ, "ಇರಲಿ ಬಿಡಿ" ಎಂದು ಪೆಟ್ಟಿಗೆ ಎತ್ತಿಕೊಳ್ಳಲು ಹೋದರು. ಒಂದು ಕೈಯಲ್ಲಿ ಆಗಲಿಲ್ಲ. ನಾನೇ ಎತ್ತಿ ಅವರ ಕಂಕುಳಿಗೆ ಕೊಟ್ಟೆ. "ಉಪಕಾರ ಆಯ್ತು" ಎಂದು ಹೇಳಿ ರಸ್ತೆ ದಾಟಿ ಹೋದರು.

ಏಣಿ ಹತ್ತಿದೆ. ಬ್ರಶ್ ಬಣ್ಣಕ್ಕೆ ಅದ್ದಿದೆ. ಮೂರನೆಯ ಅಕ್ಷರದ ಮುಂದೆ ಕೈ ನಿಂತಿತು. ಹದಿನಾರು ವರ್ಷದ ಹಿಂದೆ ಆ ಅಕ್ಷರದ ಕೊಂಬನ್ನು ಅಣ್ಣ ಏಣಿಯ ಬುಡದಲ್ಲಿ ನಿಂತು, "ಇನ್ನೂ ಸ್ವಲ್ಪ ಉದ್ದ ಎಳೆಯೋ, ಚಂದ ಕಾಣುತ್ತೆ" ಎಂದು ಹೇಳಿ ಎಳೆಸಿದ್ದ. ಇನ್ನು ಇದನ್ನೂ ಮುಚ್ಚಿದರೆ ನಾನು ಮನುಷ್ಯನೇ ಅಲ್ಲ ಅನ್ನಿಸಿತು. ಬ್ರಶ್ಶನ್ನು ಡಬ್ಬದಲ್ಲೇ ಬಿಟ್ಟು ಇಳಿದೆ. ಏಣಿಯನ್ನೂ ಬಿಟ್ಟೆ. ನಡುಹಗಲಿನ ಬಿಸಿಲಿನಲ್ಲಿ ಮುಖ್ಯರಸ್ತೆಯ ತಿರುವಿನ ತನಕ ನಿಲ್ಲದೆ ನಡೆದೆ, ನಿಂತರೆ ಹಿಂದಕ್ಕೆ ತಿರುಗುತ್ತೇನೆಂದು ನನಗೆ ಗೊತ್ತಿತ್ತು.

ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅತ್ತಿಗೆ ನೆಲದ ಕೂದಲು ಗುಡಿಸುತ್ತಿದ್ದರು. ನನ್ನ ಮುಖ ನೋಡದೆ, ತಲೆ ನೋಡಿದರು.

"ಒಳ್ಳೇ ಹೊತ್ತಿಗೆ ಬಂದೆ. ಸೋಮವಾರ ಕೋರ್ಟಿಗೆ ಈ ಪೊದೆ ಇಟ್ಕೊಂಡು ಬರ್ತೀಯಾ? ಕೂತ್ಕೋ."

"ಅತ್ತಿಗೆ, ಒಂದು ಮಾತು..."

"ಕೂತ್ಕೊಂಡು ಹೇಳು. ಬಾಯಿಗೂ ಕೂದಲಿಗೂ ಏನು ಸಂಬಂಧ?"

ಕೂತೆ. ಬಿಳಿ ಬಟ್ಟೆಯನ್ನು ಕೊರಳಿಗೆ ಸುತ್ತಿ ಗಂಟು ಹಾಕಿದರು. ನೀರು ಚಿಮುಕಿಸಿ, ಬಾಚಿ, ಎಡಗಡೆಯಿಂದ ಕತ್ತರಿ ಶುರು ಮಾಡಿದರು. ಅಣ್ಣನ ಕತ್ತರಿ ಅದು. ಕನ್ನಡಿಯಲ್ಲಿ ಅವರ ಮುಖ ಶಾಂತವಾಗಿತ್ತು. ಕೆಲಸ ಮಾಡುವಾಗ ಮಾತ್ರ ಅವರ ಮುಖ ಹಾಗಿರುತ್ತದೆ. ಅದನ್ನು ಕೆಡಿಸಲು ನಾನು ಬಂದಿದ್ದೆ.

ಹೇಳಿದೆ. ಒಡತಿ ಕರೆಸಿದ್ದು, ಸ್ಪಂಜು, ನಾಲ್ಕು ಹಸಿರು, ಅಣ್ಣ ಕೈ ಚಾಚಿ ಹುಡುಕಿದ್ದು, ನಾನು ಆಡಿದ ತಮಾಷೆ, ಹಿಂಬದಿ. ಅಧಿಕಾರಿಯ ಫೋಟೋ ಕೈಯಲ್ಲಿ ಹಿಡಿದು ಸುಮ್ಮನಿದ್ದದ್ದು. ಡಾಕ್ಟರು ಈಗತಾನೇ ಹೇಳಿದ್ದು. ಅಣ್ಣನ ಕೊನೆಯ ಮಾತನ್ನೂ ಹೇಳಿದೆ. ಕತ್ತರಿಯ ಸದ್ದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ತಲೆಯ ಎಡಗಡೆ ಮುಗಿದಿತ್ತು, ಬಲಗಡೆ ಹಾಗೇ ಇತ್ತು. ಕನ್ನಡಿಯಲ್ಲಿ ಕೂತಿದ್ದವನು ಕೋಡಂಗಿಯ ಹಾಗೆ ಕಾಣುತ್ತಿದ್ದ.

ಅತ್ತಿಗೆ ಕೇಳಿದ್ದು ಒಂದೇ ಪ್ರಶ್ನೆ.

"ಆ ಹಿಂಬದಿ ಬಳಿಯೋಕೆ ಆಕೆ ಹೇಳಿದ್ದಳಾ?"

"ಇಲ್ಲ ಅತ್ತಿಗೆ. ಯಾರೂ ಹೇಳಿರಲಿಲ್ಲ."

ಅವರು ಹೊರಗೆ ರಸ್ತೆಯ ಕಡೆ ನೋಡಿದರು. ಡಾಕ್ಟರು ಅವತ್ತು ನಿಂತಿದ್ದ ಜಾಗ.

"ಆ ಮನುಷ್ಯನಿಗೆ ನಾನು ಇಲ್ಲೇ ನಿಂತು ಏನೇನಂದೆ. ನೀನು ಪಕ್ಕದಲ್ಲಿ ನನ್ನ ತೋಳು ಹಿಡ್ಕೊಂಡು ನಿಂತಿದ್ದೆ."

ನಾನು ಕೊರಳಿನ ಗಂಟು ಬಿಚ್ಚಿಕೊಂಡು ಏಳಲು ಹೋದೆ. ಅವರು ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದರು. ಅಷ್ಟು ಬಲ ಇದೆಯೆಂದು ಗೊತ್ತಿರಲಿಲ್ಲ.

"ಅರ್ಧ ತಲೇಲಿ ಎಲ್ಲಿಗೆ ಹೋಗ್ತೀಯಾ? ಕೂತ್ಕೋ. ಸೋಮವಾರ ನನ್ನ ಜೊತೆ ಬರ್ತೀಯ. ನನ್ನನ್ನ ಕರೆಯೋಕೆ ಮುಂಚೆ ನೀನು ಎದ್ದು ನಿಂತು ಇದನ್ನೆಲ್ಲಾ ಹೇಳ್ತೀಯ. ಒಂದಕ್ಷರ ಬಿಡದೆ. ಅಲ್ಲಿಂದ ಆಚೆಗೆ ಈ ಅಂಗಡಿಗೆ ಬರ್ಬೇಡ. ಬೇರೆ ಎಲ್ಲಾದ್ರೂ ಮಾಡಿಸ್ಕೋ."

"ಆಯ್ತು ಅತ್ತಿಗೆ."

ಅವರ ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಕತ್ತರಿ ಹಿಡಿಯಬಾರದೆಂದು ಅಣ್ಣ ಹೇಳುತ್ತಿದ್ದ, ಅದು ಅವರಿಗೂ ಗೊತ್ತಿತ್ತು. ಕತ್ತರಿಯನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟು, ಎರಡೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತರು. ಬಟ್ಟೆಯ ಮೇಲೆ ಬಿದ್ದಿದ್ದ ನನ್ನ ಕೂದಲನ್ನು ನೋಡುತ್ತ ನಾನು ಕಾದೆ. ನಡುಕ ನಿಂತ ಮೇಲೆ ಮತ್ತೆ ಕತ್ತರಿ ತೆಗೆದುಕೊಂಡು ನನ್ನ ಬೆನ್ನ ಹಿಂದೆ ಬಂದರು. ಒಂದು ಬೆರಳು ನನ್ನ ನೆತ್ತಿಯ ಮೇಲೆ ಬಂತು.

"ತಲೆ ಬಗ್ಗಿಸು," ಎಂದರು.

ಬಗ್ಗಿಸಿದೆ.